ಸೆರಗು ಕಚ್ಚಿಕೊಂಡು ನಕ್ಕವರು

ಟಿ.ವಿ.ಯಲ್ಲಿ ಹೊಸದೊಂದು ನಗೆ ಕಾರ್ಯಕ್ರಮ ಶುರುವಾಗುತ್ತದಂತೆ, ಒಬ್ಬೊಬ್ಬರೇ ಮೈಕ್ ಮುಂದೆ ನಿಂತು ಮಾತಾಡಿ ಜನರನ್ನು ನಗಿಸಬೇಕಂತೆ, ಅದಕ್ಕೆ ಸ್ಟ್ಯಾಂಡ್ ಅಪ್ ಕಾಮಿಡಿ ಅನ್ನುತ್ತಾರಂತೆ ಎಂದು ನಾನು ಹೇಳಿದಾಗ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. "ನಿಂತ್ಕೊಂಡು ಮಾತಾಡೋಕೂ ಒಂದು ಕಾರ್ಯಕ್ರಮ ಬೇಕಾ? ನಾನು ಮೂವತ್ತು ವರ್ಷದಿಂದ ನಿಂತ್ಕೊಂಡೇ ಮಾತಾಡ್ತಿದ್ದೀನಿ" ಎಂದರು. ಅದೂ ನಿಜವೇ. ನೆಲ್ಯಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅವರು ರೈಟರು. ಬೆಳಿಗ್ಗೆ ಹಾಜರಿ ಹಾಕಿ, ಯಾರು ಯಾವ ಕಡೆ ಹೋಗಬೇಕೆಂದು ಹೇಳಿ, ಹಗಲೆಲ್ಲ ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ತೋಟದೊಳಗೆ ನಿಂತಿರುವುದು ಅವರ ಕೆಲಸ. ಇಷ್ಟು ವರ್ಷ ನಿಂತು ಮಾತಾಡಿದರೂ ತಮ್ಮ ಮಾತಿಗೆ ಒಬ್ಬರೂ ನಕ್ಕಿಲ್ಲ ಎಂಬುದು ಅವರ ಹೆಮ್ಮೆ.

ನಾನು ಶನಿವಾರಸಂತೆ ಕಡೆಯವಳು. ಇಲ್ಲಿಯ ಅಂಗನವಾಡಿಯಲ್ಲಿ ಟೀಚರಾಗಿದ್ದು ಈಗ ರಿಟೈರ್ ಆಗಿ ಮನೆಯಲ್ಲಿದ್ದೇನೆ. ಬಾಯಿ ಜೋರು ಎಂದು ತವರಿನಲ್ಲೂ ಹೆಸರು, ಇಲ್ಲೂ ಹೆಸರು. ಆದರೆ ಆ ಕಾರ್ಯಕ್ರಮಕ್ಕೆ ಹೋಗಬೇಕಾದವಳು ನಾನಲ್ಲ ಎಂದು ಅದರ ಜಾಹೀರಾತು ನೋಡಿದ ಕ್ಷಣಕ್ಕೇ ನನಗೆ ಗೊತ್ತಾಗಿತ್ತು. ಹೋಗಬೇಕಾದವಳು ನಮ್ಮ ಲೈನಿನಲ್ಲಿದ್ದಳು.

ಲೈನು ಅಂದರೆ ಎಸ್ಟೇಟಿನ ಕೆಲಸದವರ ಮನೆಗಳ ಸಾಲು. ಅಲ್ಲಿಯ ಮೂರನೇ ಮನೆಯವಳು ನಲವತ್ತು ದಾಟಿದ ಹೆಂಗಸು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಮಲಯಾಳ, ನಮ್ಮ ಹತ್ತಿರ ಕನ್ನಡ, ಬೈಯುವಾಗ ಮೂರೂ. ಅವಳ ಮಗಳು ನನ್ನ ಅಂಗನವಾಡಿಯಲ್ಲಿ ಓದಿದ ಹುಡುಗಿ. ಮಗಳನ್ನು ಕರೆದುಕೊಂಡು ಹೋಗಲು ಬಂದವಳು ಒಂದು ದಿನ ಬಾಗಿಲಲ್ಲಿ ನಿಂತು ಎಸ್ಟೇಟಿನ ರೈಟರ್ ಹೇಗೆ ನಡೆಯುತ್ತಾರೆಂದು ಬೇರೆ ತಾಯಂದಿರಿಗೆ ನಡೆದು ತೋರಿಸುತ್ತಿದ್ದಳು. ತಿರುಗಿದರೆ ನಾನು, ರೈಟರ ಹೆಂಡತಿ, ಹಿಂದೆಯೇ ನಿಂತಿದ್ದೇನೆ. ಅವಳ ಮುಖ ಇಷ್ಟು ಸಣ್ಣದಾಯಿತು. "ಎಂತಕ್ಕೆ ನಿಲ್ಲಿಸ್ದೆ, ನಡಿ ನಡಿ" ಎಂದೆ ನಾನು. "ಮನೇಲಿ ಇನ್ನೂ ಬೇರೆ ಥರ ನಡೀತಾರೆ. ಒಳಗೆ ಬರೋಕೆ ಮುಂಚೆ ಬಾಗಿಲಲ್ಲಿ ಚಪ್ಪಲಿ ಎಣಿಸ್ತಾರೆ." ಅಂದಿನಿಂದ ನಾವಿಬ್ಬರೂ ಜೋಡಿ.

ಪಿಕಿಂಗ್ ಹೊತ್ತಿನಲ್ಲಿ ಅವಳ ಕೆಲಸವೇ ಬೇರೆ. ಕಾಫಿ ಹಣ್ಣು ಕುಯ್ಯುವ ಹೆಂಗಸರು ಒಬ್ಬೊಬ್ಬರು ಒಂದೊಂದು ಗಿಡದ ಸಾಲು ಹಿಡಿದು ಮುಂದೆ ಹೋಗುತ್ತಾರೆ. ಅವಳು ನಟ್ಟನಡುವಿನ ಸಾಲು ಹಿಡಿಯುತ್ತಾಳೆ. ಸಣ್ಣ ಧ್ವನಿಯಲ್ಲಿ ಕಥೆ ಶುರು ಮಾಡುತ್ತಾಳೆ. ಮುಂದೆ ಓಡಿದವರಿಗೆ ಕೇಳುವುದಿಲ್ಲ, ಹಿಂದೆ ಬಿದ್ದವರಿಗೂ ಕೇಳುವುದಿಲ್ಲ. ಹಾಗಾಗಿ ಎಲ್ಲರೂ ಅವಳ ಜೊತೆಗೇ ಕೈ ಓಡಿಸಬೇಕು. ನಮ್ಮ ಎಸ್ಟೇಟಿನ ಪಿಕಿಂಗ್ ಸಾಲು ದಾರ ಹಿಡಿದ ಹಾಗೆ ನೇರ ಹೋಗುತ್ತದೆ ಎಂದು ಸುತ್ತಮುತ್ತಲೆಲ್ಲ ಹೇಳುತ್ತಿದ್ದರು. ಅದು ತಮ್ಮ ಶಿಸ್ತು ಎಂದು ನಮ್ಮವರು ತಿಳಿದಿದ್ದರು. ನಾನು ತಿದ್ದಲು ಹೋಗಲಿಲ್ಲ.

ಆದರೆ ನಗುವ ಹಾಗಿರಲಿಲ್ಲ. ನಮ್ಮವರಿಗೆ ಸದ್ದು ಆಗದು. ಎಲ್ಲೋ ಒಂದು ಕಿಸಕ್ ಅಂದರೆ "ಯಾರದು ಸದ್ದು?" ಎಂದು ಮೇಲಿನ ದಾರಿಯಿಂದ ಕೂಗು ಬರುತ್ತದೆ. ಹಾಗಾಗಿ ಹೆಂಗಸರು ಸದ್ದಿಲ್ಲದೆ ನಗುವುದನ್ನು ಕಲಿತುಬಿಟ್ಟಿದ್ದರು. ತಲೆ ಬಗ್ಗಿಸಿ, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ, ಭುಜ ಮಾತ್ರ ಕುಲುಕಿಸುತ್ತ ನಗುವುದು. ಅತ್ತೆಯರಿಂದ ಸೊಸೆಯರಿಗೆ ಬಂದಿತ್ತು ಅದು. ಮನೆಯಲ್ಲಿ, ಮದುವೆಯಲ್ಲಿ ಕೂಡ ಅವರು ಹಾಗೇ ನಗುತ್ತಿದ್ದರು. ನಾನು ನೋಡಿ ನೋಡಿ ರೋಸಿದ್ದೆ.

ಟಿ.ವಿ.ಯವರಿಗೆ ಕಳಿಸೋಣ, ಒಂದು ಕಥೆ ಹೇಳು ಎಂದು ನನ್ನ ಅಡಿಗೆಮನೆಯಲ್ಲಿ ಅವಳನ್ನು ನಿಲ್ಲಿಸಿ ಫೋನು ಹಿಡಿದಾಗ ಅವಳು ದುಡ್ಡು ಎಷ್ಟು ಕೊಡುತ್ತಾರೆ ಎಂದು ಕೇಳಲಿಲ್ಲ. "ಟೀಚರಮ್ಮ, ಅಲ್ಲಿ ಜನ ಗಟ್ಟಿಯಾಗಿ ನಗ್ತಾರಾ?" ಎಂದಳು.

"ನಗೋಕೇ ಅಲ್ವೇನೇ ಕೂತಿರೋದು."

"ನಮ್ಮವರೂ ಬಂದ್ರೆ ನಗ್ತಾರಾ? ಇಪ್ಪತ್ತು ವರ್ಷ ಹೇಳಿದೀನಿ. ನಗೋದು ಕಂಡಿದೀನಿ, ಕೇಳಿಲ್ಲ. ಒಂದು ಸಲ ಕೇಳಬೇಕು ನನಗೆ. ಅಷ್ಟೇ."

ನಾನು ಫೋನು ಎತ್ತಿ ಹಿಡಿದು, "ಸರಿ, ಸರಿ, ಬೆಳಕಿಗೆ ಬಾ" ಎಂದು ಗದರಿದೆ.

ಟಿ.ವಿ.ಯವರು ಕರೆದೇಬಿಟ್ಟರು. ನಿಮ್ಮ ಕಡೆಯವರನ್ನೂ ಕರೆದುಕೊಂಡು ಬನ್ನಿ, ಮುಂದಿನ ಸೀಟು ಅವರಿಗೇ ಎಂದರು. ಒಂದು ವ್ಯಾನಿನ ತುಂಬ ನಮ್ಮ ಹೆಂಗಸರು ಬೆಂಗಳೂರಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಪಾಠ ಮಾಡಿದೆ. ಅಲ್ಲಿ ರೈಟರಿಲ್ಲ, ಮೇಲಿನ ದಾರಿಯಿಲ್ಲ, ಬಾಯಿ ಬಿಟ್ಟು ನಗಬೇಕು ಎಂದೆ. ಎಲ್ಲರೂ ಹೂಂ ಹೂಂ ಎಂದು ತಲೆಯಾಡಿಸಿದರು. ಆದರೆ ಸ್ಟುಡಿಯೋದಲ್ಲಿ ನಾವು ಕೂತ ಕೂಡಲೇ ಕಿವಿಗೊಂದು ಮೆಷಿನು ಸಿಕ್ಕಿಸಿಕೊಂಡ, ಕೈಯಲ್ಲಿ ಹಲಗೆ ಹಿಡಿದ ಒಬ್ಬ ಗಂಡಸು ಮುಂದೆ ಬಂದು ನಮ್ಮನ್ನೆಲ್ಲ ಎಣಿಸಿದ. ಆಮೇಲೆ, "ಯಾರೂ ಸದ್ದು ಮಾಡಬಾರದು" ಎಂದ. ರೆಕಾರ್ಡಿಂಗ್ ಶುರುವಾಗುವವರೆಗೆ ಎಂದು ಅವನ ಅರ್ಥ. ನಮ್ಮ ಹೆಂಗಸರಿಗೆ ಅಷ್ಟೇ ಸಾಕಾಯಿತು. ಎಣಿಸಿದವನು ರೈಟರು. ರೈಟರು ಸದ್ದು ಬೇಡ ಅಂದ ಮೇಲೆ ಮುಗಿಯಿತು.

ಅವಳು ಬಂದು ನಿಂತಳು. ನಮ್ಮ ತೋಟದ ರೈಟರ ಕಥೆ ತೆಗೆದಳು. "ನಮ್ಮ ರೈಟರು ಸಿಲ್ವರ್ ಮರದ ಹಿಂದೆ ಬಚ್ಚಿಟ್ಕೊಂಡು ನಮ್ಮನ್ನ ನೋಡ್ತಾರೆ. ಮರ ಸಣ್ಣ, ರೈಟರು ದಪ್ಪ. ಈ ಕಡೆ ಹೊಟ್ಟೆ, ಆ ಕಡೆ ಕೊಡೆ, ನಡುವೆ ಮರ. ನಾವು ಕಂಡೇ ಇಲ್ಲ ಅನ್ನೋ ಹಾಗೆ ಹಣ್ಣು ಕುಯ್ತೀವಿ. ಪಾಪ, ಅಷ್ಟು ಕಷ್ಟಪಟ್ಟು ನಿಂತಿದ್ದಾರೆ, ಬೇಜಾರಾಗಬಾರದಲ್ಲ. ಒಂದು ದಿನ ಮರಕ್ಕೆ ಕೆಂಪಿರುವೆ ಹತ್ತಿತ್ತು. ಮೊದಲು ಕೊಡೆ ಕುಣೀತು, ಆಮೇಲೆ ಹೊಟ್ಟೆ ಕುಣೀತು. ನಾವು ತಲೆ ಎತ್ತಲಿಲ್ಲ. ಒಳ್ಳೆ ಗಾಳಿ ಕಣ್ರೇ ಇವತ್ತು, ಅಂದ್ವಿ."

ಹಿಂದೆ ಕೂತ ಪೇಟೆಯವರು ನಕ್ಕರು. ನಾನು ಹೋ ಎಂದು ನಕ್ಕೆ. ಅದರಲ್ಲಿ ಅರ್ಧ ನಗು ಅವಳ ಮಾತಿಗೆ, ಅರ್ಧ ನನಗೇ ಹೊಳೆದ ಒಂದು ಸಂಗತಿಗೆ. ಹಿಂದಿನ ವರ್ಷ ನಮ್ಮ ಯಜಮಾನರು ಮೈಯೆಲ್ಲ ಕೆಂಪು ಗಂಧೆ ಎಬ್ಬಿಸಿಕೊಂಡು ಬಂದು, ಬೆವರುಸಾಲೆ ಎಂದು ಹೇಳಿ ನನ್ನಿಂದ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡಿದ್ದರು. ನಮ್ಮ ಹೆಂಗಸರೋ, ಮುಂದಿನ ಸಾಲಿನಲ್ಲಿ ತಲೆ ಬಗ್ಗಿಸಿ, ಸೆರಗು ಕಚ್ಚಿ, ಕುಲುಕುತ್ತಿದ್ದರು. ಒಬ್ಬಳಿಗೆ ಕಣ್ಣೀರು ಧಾರೆ. ಸದ್ದು ಮಾತ್ರ ಇಲ್ಲ. ನಾನು ಪಕ್ಕದವಳ ತೊಡೆ ಚಿವುಟಿದೆ. ಅವಳು ಇನ್ನಷ್ಟು ಬಗ್ಗಿದಳು.

ತೀರ್ಪುಗಾರರು ಮೂವರು. ಇಬ್ಬರಾದರೂ ಗಂಟೆ ಹೊಡೆದರೆ ಮುಂದಿನ ಸುತ್ತು. ಒಬ್ಬರು ಹೊಡೆದರು. ಇನ್ನೊಬ್ಬರು ನಮ್ಮ ಕಡೆ ಕೈ ತೋರಿಸಿ, "ನಿಮ್ಮವರೇ ತಲೆ ತಗ್ಗಿಸಿ ಕೂತಿದ್ದಾರಲ್ಲಮ್ಮ, ಇನ್ನು ನಾವು ಹೇಗೆ ನಗೋದು?" ಎಂದರು. ಅವಳು ಕೈ ಮುಗಿದು ಕೆಳಗಿಳಿದಳು.

ಆ ಭಾಗ ಭಾನುವಾರ ಸಂಜೆ ಟಿ.ವಿ.ಯಲ್ಲಿ ಬಂತು. ಬಂದದ್ದೇ ತಡ, ಊರು ಎರಡು ಹೋಳಾಯಿತು. ಮೊದಲ ಫೋನು ಶನಿವಾರಸಂತೆಯಿಂದ ನನ್ನ ಅಣ್ಣನದು. "ಅಲ್ಲ ಕಣವ್ವ, ಏನ್ ಅದು? ಒಂದ್ ಚೂರೂ ನಗು ಬರ್ಲಿಲ್ಲ. ಅವ್ರ ಕಡೆ ಹೆಂಗಸ್ರೇ ನಾಚ್ಕೊಂಡು ತಲೆ ಬಗ್ಸಿದ್ರು, ಪಾಪ" ಎಂದ. ಅಷ್ಟರಲ್ಲಿ ಅತ್ತಿಗೆ ಫೋನು ಕಿತ್ತುಕೊಂಡಳು. "ಅವ್ರ ಮಾತು ಬಿಡು. ನಂಗೆ ನಕ್ಕೂ ನಕ್ಕೂ ಮೊಸರನ್ನ ಮೂಗಿಗೆ ಹತ್ತಿ ಇನ್ನೂ ಉರೀತೈತೆ." ಒಂದೇ ಸೋಫಾದಲ್ಲಿ ಕೂತು ನೋಡಿದವರು ಇವರು.

ಮಾರನೇ ದಿನ ಸಿದ್ದಾಪುರದ ಬಸ್ಸಿನಲ್ಲಿಯೂ ಅದೇ. ಮುಂದಿನ ಸೀಟಿನವರೊಬ್ಬರು, "ಕೂಲಿಯವರ ಕಷ್ಟ ಅಂದ್ರೆ ಇವರಿಗೆ ತಮಾಷೆ" ಎಂದರು. ಪಕ್ಕದವರು, "ಕಷ್ಟ ಪಡೋರು ನಗಬಾರದು ಅಂತ ಎಲ್ಲಿದೆ? ಹೇಳಿದವಳೂ ಕೂಲಿಯವಳೇ ತಾನೇ" ಎಂದರು. ಹಿಂದಿನಿಂದ ಒಬ್ಬ ಹಿರಿಯರು, ಕೆಲಸ ಕೊಟ್ಟ ಎಸ್ಟೇಟಿನ ಮಾನ ಹರಾಜಾಯಿತು ಎಂದರು. ನಾನು ಸುಮ್ಮನಿರುವ ಪೈಕಿಯಲ್ಲ. ಮಾನ ಅಷ್ಟು ಸಲೀಸಾಗಿ ಹೋಗುವುದಾದರೆ ಅದು ಇದ್ದದ್ದಾದರೂ ಎಲ್ಲಿ ಎಂದು ಶುರು ಮಾಡಿದವಳು ಮುಗಿಸುವ ಹೊತ್ತಿಗೆ ನಾನು ಇಳಿಯಬೇಕಾದ ಸ್ಟಾಪು ದಾಟಿ ಎಷ್ಟೋ ದೂರ ಆಗಿತ್ತು. ಬಿಸಿಲಿನಲ್ಲಿ ನಡೆದುಕೊಂಡು ವಾಪಸ್ ಬಂದೆ. ನಡೆಯುತ್ತಲೂ ಬೈಯುತ್ತಲೇ ಇದ್ದೆ.

ಬೈಕಿನಲ್ಲಿ ಮೀನು ತರುವವನ ದುಃಖ ಇನ್ನೊಂದು. ಅವನು ಗೇಟಿನ ಹತ್ತಿರ ಹಾರನ್ ಒತ್ತಿ ನನ್ನನ್ನು ಕರೆದ. ನಾವು ಮೀನು ತಿನ್ನುವವರಲ್ಲ, ಅವನು ನಮ್ಮ ಗೇಟಿನಲ್ಲಿ ನಿಂತದ್ದೇ ಅದು ಮೊದಲು. "ಟೀಚರೇ, ರೈಟರ್ ಬಗ್ಗೆ ಹೇಳಿದ್ಲು, ಇರುವೆ ಬಗ್ಗೆ ಕೂಡ ಒಂದು ಮಾತು ಬಂತು. ನಾನು ದಿವಸಾ ಲೈನಿಗೆ ಹೋಗೋನಲ್ಲ? ನಂದು ಎಂತ ತಪ್ಪಾಯ್ತು?" ಎಂದು ಕೇಳಿದ. ಅವನ ಹಾರನ್ನಿನ ಬಗ್ಗೆ ಅವಳ ಹತ್ತಿರ ಒಳ್ಳೆಯ ಕಥೆಯೊಂದಿದೆ ಎಂದು ಹೇಳಿ ಸಮಾಧಾನ ಮಾಡಿ ಕಳಿಸಿದೆ.

ಎಲ್ಲಕ್ಕಿಂತ ಚೆಂದ ನಮ್ಮ ಮನೆಯದು. ಪಕ್ಕದ ಎಸ್ಟೇಟಿನ ರೈಟರು ಸಿಟ್ಟಿನಿಂದ ಫೋನು ಮಾಡಿ, ಆ ಹೆಂಗಸು ತಮ್ಮ ಬಗ್ಗೆಯೇ ಹೇಳಿದ್ದು, ತಾವು ಇದನ್ನು ಬಿಡುವುದಿಲ್ಲ ಎಂದರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಮ್ಮವರು ಅವರಿಗೆ ಸಮಾಧಾನ ಹೇಳಿ ಫೋನಿಟ್ಟು, ನನ್ನ ಕಡೆ ತಿರುಗಿ, "ಅವನು ಮರದ ಹಿಂದೆ ನಿಲ್ತಾನೆ ಅಂತ ನನಗೆ ಮೊದಲೇ ಅನುಮಾನ ಇತ್ತು. ಅವಳು ಸರಿಯಾಗಿ ಹಿಡಿದಿದ್ದಾಳೆ. ನಾನು ನಿಲ್ಲೋದು ಯಾರಿಗೂ ಕಾಣಿಸಲ್ಲ, ನೋಡು" ಎಂದರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವುದು ಅಂದರೆ ಇದೇ. ನಾನು ಒಳಗೆ ಹೋಗಿ ಅಕ್ಕಿಡಬ್ಬದ ಮುಚ್ಚಳ ತೆಗೆದು ಮುಖ ಅದರೊಳಗೆ ಹಾಕಿ ನಕ್ಕೆ.

ಇಷ್ಟೆಲ್ಲ ಗಲಾಟೆಯ ನಡುವೆ ಅವಳು ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ನಗು ಬಂತು ಅಂದವರಿಗೂ ಹೂಂ, ಬರಲಿಲ್ಲ ಅಂದವರಿಗೂ ಹೂಂ. ಲೈನಿನ ಹೆಂಗಸರು ಅವಳನ್ನು ಸುತ್ತಿಕೊಂಡು, ನಾವು ನಕ್ಕೆವು ಕಣೇ, ಹೊಟ್ಟೆ ಹಿಡಿದುಕೊಂಡು ನಕ್ಕೆವು ಎಂದು ಆಣೆ ಹಾಕಿದರು. ನಾನೂ ಸಾಕ್ಷಿ ಹೇಳಿದೆ.

"ಗೊತ್ತು ಟೀಚರಮ್ಮ. ನಗ್ತಾ ಇದ್ರು ಅಂತ ಗೊತ್ತು" ಎಂದಳು. "ಇಲ್ಲಾದ್ರೆ ರೈಟರಿದ್ದಾರೆ. ಅಲ್ಲಿ ಯಾರಿದ್ರು?"

ಇನ್ನು ಕಥೆ ಹೇಳುವುದಿಲ್ಲ, ಸಾಕು ಎಂದಳು ಅವಳು. ಮಾರನೇ ದಿನದಿಂದ ಅಂಚಿನ ಸಾಲು ಹಿಡಿದು ಬಾಯಿ ಮುಚ್ಚಿಕೊಂಡು ಹಣ್ಣು ಕುಯ್ಯತೊಡಗಿದಳು.

ಒಂದು ವಾರದೊಳಗೆ ನಮ್ಮವರು ಊಟದ ತಟ್ಟೆ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತರು. ಪಿಕಿಂಗ್ ಸಾಲು ಸೊಟ್ಟಗಾಗಿತ್ತಂತೆ. ಕೆಲವರು ಎಲ್ಲೋ ಮುಂದೆ, ಕೆಲವರು ಎಲ್ಲೋ ಹಿಂದೆ, ನಡುವೆ ಹಣ್ಣು ಗಿಡದಲ್ಲೇ ಉಳಿಯುತ್ತಿತ್ತಂತೆ. "ಎಷ್ಟು ಕೂಗಿದ್ರೂ ಸಾಲು ನೇರ ಆಗ್ತಿಲ್ಲ ಮಾರಾಯ್ತಿ. ಎಲ್ಲಾ ಸುಮ್ನೆ ಇದ್ದಾರೆ, ಒಂದು ಸದ್ದಿಲ್ಲ. ಆದ್ರೂ ಹಾಳಾಗಿದೆ" ಎಂದರು.

ನನಗೆ ಎಲ್ಲಿತ್ತೋ ಕೋಪ. "ರೀ, ಸಾಲು ನೇರ ಮಾಡ್ತಿದ್ದದ್ದು ನಿಮ್ಮ ಕೂಗಲ್ಲ. ಅವಳ ಕಥೆ" ಎಂದು ಎಲ್ಲವನ್ನೂ ಹೇಳಿದೆ. ನಡುವಿನ ಸಾಲು, ಸೆರಗು, ಬೆಂಗಳೂರಿನಲ್ಲಿ ಹಲಗೆ ಹಿಡಿದವನು, ಅವಳು ಕೇಳಬೇಕೆಂದುಕೊಂಡದ್ದು, ಕೇಳಿಸದೇ ಹೋದದ್ದು. ಮರದ ಹಿಂದಿನವರು ಯಾರು ಎಂಬುದೊಂದನ್ನು ಬಿಟ್ಟೆ. ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. "ನಾನು ಯಾವತ್ತು ನಗಬೇಡಿ ಅಂದೆ? ಸದ್ದು ಮಾಡಬೇಡಿ ಅಂದೆ" ಎಂದರು. ಆಮೇಲೆ ಅವರಿಗೇ ಏನೋ ಅನ್ನಿಸಿರಬೇಕು. "ನಮ್ಮ ಎಸ್ಟೇಟಿನವರಿಗೆ ನಗೋಕೇ ಬರಲ್ಲ ಅಂತ ಊರೆಲ್ಲ ಹೇಳೋ ಹಾಗಾಯ್ತಲ್ಲ" ಎಂದು ಎದ್ದರು. ಮನಸ್ಸು ಒಳ್ಳೆಯದು ಅವರದು. ಆದರೆ ಏನೇ ಮಾಡಿದರೂ ಆರ್ಡರಾಗಿಯೇ ಮಾಡಬೇಕು.

ಹಾಜರಿ ಹಾಕುವ ಅಂಗಳ ನಮ್ಮ ಮನೆಯ ಜಗಲಿಯ ಎದುರಿಗೇ ಇದೆ. ಮಾರನೇ ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತಿದ್ದರು. ನಾನು ಕಾಫಿ ಲೋಟ ಹಿಡಿದು ಜಗಲಿಗೆ ಬಂದೆ. ನಮ್ಮವರು ಹಾಜರಿ ಮುಗಿಸಿ, ಕೊಡೆ ಕಂಕುಳಿಗೆ ಸೇರಿಸಿ, ಆಕಾಶ ನೋಡಿ, ಎರಡು ಸಲ ಕೆಮ್ಮಿದರು.

"ಇವತ್ತಿಂದ ಪಿಕಿಂಗ್ ಹೊತ್ತಲ್ಲಿ ನಗಬಹುದು" ಎಂದರು. "ಸದ್ದು ಮಾಡಿಯೂ ನಗಬಹುದು. ಆದ್ರೆ ಕೈ ನಿಲ್ಲಬಾರದು. ಊಟದ ಹೊತ್ತಲ್ಲಿ ನಗೋದು ನಿಮ್ಮ ಸ್ವಂತ ವಿಚಾರ."

ಹೆಂಗಸರು ಮುಖ ಮುಖ ನೋಡಿಕೊಂಡರು. ನಮ್ಮವರು ಕಾದರು. "ಯಾರಿಗಾದ್ರೂ ಅರ್ಥ ಆಗಿಲ್ವಾ?"

ಎಲ್ಲರಿಗಿಂತ ಹಿರಿಯ ಅಜ್ಜಿ ಕೈ ಎತ್ತಿತು. "ಎಷ್ಟು ಹೊತ್ತು ನಗ್ಬೋದು ರೈಟ್ರೇ?"

ಇವರು ನಿಜವಾಗಿಯೂ ಯೋಚನೆ ಮಾಡಿದರು. "ಅದು... ಕೆಲಸ ನೋಡ್ಕೊಂಡು" ಎಂದರು.

ಒಂದೊಂದೇ ತಲೆ ಬಗ್ಗಿತು. ಸೆರಗುಗಳು ಬಾಯಿಗೆ ಹೋದವು. ಭುಜಗಳು ಕುಲುಕತೊಡಗಿದವು. ಅಯ್ಯೋ ಕರ್ಮವೇ, ಆರ್ಡರ್ ಸಿಕ್ಕಿದರೂ ಹೀಗೇನಾ ಎಂದು ನಾನು ಲೋಟ ಕೆಳಗಿಟ್ಟೆ. ನಮ್ಮವರ ಮುಖ ಪೆಚ್ಚಾಯಿತು. ಅವರಿಗೆ ಕುಲುಕುವುದು ಕಾಣಲಿಲ್ಲ, ಬಗ್ಗಿದ ತಲೆಗಳು ಮಾತ್ರ ಕಂಡವು. "ಸರಿ, ಹೋಗಿ" ಎನ್ನಲು ಬಾಯಿ ತೆರೆದರು.

ಆಗ ಅವಳು ಸಾಲಿನಿಂದ ಹೊರಗೆ ಬಂದಳು. ನೆಲದಲ್ಲಿ ಬಿದ್ದಿದ್ದ ಒಂದು ಕೋಲನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿದಳು. ಹೊಟ್ಟೆ ಮುಂದೆ ಮಾಡಿದಳು. ಆಕಾಶ ನೋಡಿ ಎರಡು ಸಲ ಕೆಮ್ಮಿದಳು. ರೈಟರ ಕಣ್ಣೆದುರೇ, ರೈಟರ ಧ್ವನಿಯಲ್ಲೇ ಹೇಳಿದಳು:

"ಗಟ್ಟಿಯಾಗಿ ನಕ್ಕವರು ಈ ಕಡೆ ನಿಲ್ಲಿ. ನಗದವರು ಆ ಕಡೆ. ಅರ್ಧ ನಕ್ಕವರಿಗೆ ಅರ್ಧ ಹಾಜರಿ."

ಮೊದಲು ಆ ಅಜ್ಜಿ. ಕೆಮ್ಮೋ ನಗುವೋ ತಿಳಿಯದ ಒಂದು ಸದ್ದು ಅವಳ ಬಾಯಿಂದ ಹೊರಬಿತ್ತು. ಬಾಯಿಯಿಂದ ಸೆರಗು ಜಾರಿತು. ಪಕ್ಕದವಳು ಅಜ್ಜಿಯನ್ನು ನೋಡಿ ತಡೆಯಲಾರದೆ ನಕ್ಕುಬಿಟ್ಟಳು. ಆಮೇಲೆ ಯಾರು ಮೊದಲು ಯಾರು ಆಮೇಲೆ ಎನ್ನಲು ಬರಲಿಲ್ಲ, ಇಡೀ ಅಂಗಳ ಒಡೆಯಿತು. ದಪ್ಪ ನಗು, ಕೀರಲು ನಗು, ಗೊರಕೆಯಂಥ ನಗು. ಒಬ್ಬೊಬ್ಬರ ನಗು ಹೀಗಿದೆ ಎಂದು ಅವರಿಗೇ ಆಗ ಗೊತ್ತಾದದ್ದು. ಒಬ್ಬಳ ನಗು ಕೇಳಿ ಇನ್ನೊಬ್ಬಳು ಬಿದ್ದು ಬಿದ್ದು ನಕ್ಕಳು. ಎಸ್ಟೇಟ್ ಬಂಗಲೆಯ ನಾಯಿಗಳು ಬೊಗಳಿದವು. ಲೈನಿನಿಂದ ಗಂಡಸರು ಏನಾಯಿತೆಂದು ಓಡಿ ಬಂದರು.

ನಮ್ಮವರು ಆ ಕೋಲನ್ನು ನೋಡಿದರು, ತಮ್ಮ ಕಂಕುಳಿನ ಕೊಡೆಯನ್ನು ನೋಡಿದರು. ನಿಧಾನವಾಗಿ ನನ್ನ ಕಡೆ ತಿರುಗಿದರು. "ಇದು ನನ್ನ ಧ್ವನಿ ಅಲ್ವೇನೇ?" ಎಂದರು. ನಾನು ಕಂಬ ಹಿಡಿದುಕೊಂಡು ನಗುತ್ತಿದ್ದೆ. "ಹಾಗಾದ್ರೆ ಆ ಮರದ ಹಿಂದಿನವನು..." ಎಂದು ಅಲ್ಲಿಗೇ ನಿಲ್ಲಿಸಿದರು. ಕಿವಿ ಕೆಂಪಾದವು. ಸಿಟ್ಟು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಕೊಡೆಯನ್ನು ಕಂಕುಳಿನಿಂದ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ನನ್ನ ಕೈಗೆ ಕೊಟ್ಟು, ತಾವೂ ಜಗಲಿಯ ಮೇಲೆ ಕೂತುಬಿಟ್ಟರು. ಅವರ ಭುಜವೂ ಕುಲುಕುತ್ತಿತ್ತು.

ಅವಳು ಮುಂದಿನ ಮಾತಿಗೆ ಬಾಯಿ ತೆರೆದಿದ್ದಳು. ಕೋಲು ಕಂಕುಳಲ್ಲೇ ಇತ್ತು, ಹೊಟ್ಟೆ ಒಳಗೆ ಹೋಗಿತ್ತು, ಮುಖದಲ್ಲಿ ರೈಟರು ಉಳಿದಿರಲಿಲ್ಲ. ಅಂಗಳದ ನಡುವೆ ನಿಂತು ಒಬ್ಬೊಬ್ಬರ ಕಡೆಗೂ ತಿರುಗುತ್ತಿದ್ದಳು. "ಹೇಳೇ, ಆಮೇಲೆ?" ಎಂದು ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಕೂಗಿತು. "ಮುಂದೆ ಹೇಳೇ" ಎಂದರು ಉಳಿದವರು.

ಅವಳು ಕೈ ಎತ್ತಿ ತಡೆದಳು.

"ಇರ್ರಿ" ಎಂದಳು. "ಕೇಳ್ತಾ ಇದೀನಿ."